ಬೇಡಿಕೆ ರೇಖೆ ಯಾಕೆ ಕೆಳಕ್ಕೆ ಇಳಿಯುತ್ತದೆ? ಜೇಬಿನಿಂದ ಶುರು ಮಾಡೋಣ

ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೇ ಒಂದು ವಾಕ್ಯ ಬರುತ್ತದೆ: ಉಳಿದೆಲ್ಲ ಹಾಗೇ ಇದ್ದರೆ, ಬೆಲೆ ಏರಿದಂತೆ ಬೇಡಿಕೆಯ ಪ್ರಮಾಣ ಇಳಿಯುತ್ತದೆ. ಇದೇ ಬೇಡಿಕೆಯ ನಿಯಮ. ಪ್ರಮಾಣವನ್ನು ಅಡ್ಡಕ್ಕೆ, ಬೆಲೆಯನ್ನು ಉದ್ದಕ್ಕೆ ಗುರುತು ಮಾಡಿ ಇದನ್ನೇ ಗೆರೆಯಾಗಿ ಎಳೆದರೆ ಬಲಕ್ಕೆ ಹೋದಂತೆ ಕೆಳಕ್ಕೆ ಇಳಿಯುವ ಬೇಡಿಕೆ ರೇಖೆ ಸಿಗುತ್ತದೆ. ಓದಿದವರು ತಲೆಯಾಡಿಸಿ ಪುಟ ತಿರುವುತ್ತಾರೆ. ದುಬಾರಿಯಾದರೆ ಜನ ಕಡಿಮೆ ಕೊಳ್ಳುತ್ತಾರೆ, ಇದರಲ್ಲಿ ಕೇಳೋದಕ್ಕೆ ಏನಿದೆ, ಅಲ್ವಾ?

ಆದರೂ "ಯಾಕೆ" ಅಂತ ಒಮ್ಮೆ ಕೇಳಿ ನೋಡಿ. ಬರುವ ಉತ್ತರಗಳೆಲ್ಲ ಮನಸ್ಸಿನ ಸುತ್ತಲೇ ತಿರುಗುತ್ತವೆ. ಅಷ್ಟು ಕೊಡೋದಕ್ಕೆ ಮನಸ್ಸು ಬರಲ್ಲ, ಅಷ್ಟು ಬೆಲೆ ಬಾಳಲ್ಲ ಅನಿಸುತ್ತದೆ, ಹೀಗೆ. ತಪ್ಪೇನಿಲ್ಲ. ಆದರೆ ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ನಮಗೆ ಕಾಣುವುದಿಲ್ಲ. ಕಾಣುವುದು ಕೈಯಲ್ಲಿರುವ ದುಡ್ಡು ಮತ್ತು ವಸ್ತುಗಳ ಬೆಲೆ. ಬೇಡಿಕೆಯ ನಿಯಮದ ಬಹುಪಾಲು ಕೆಲಸವನ್ನು ಇವೆರಡೇ ಮುಗಿಸಿಬಿಡುತ್ತವೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ತುಷ್ಟಿಗುಣದಿಂದ, ಅಂದರೆ ವಸ್ತುವಿನಿಂದ ಸಿಗುವ ತೃಪ್ತಿಯಿಂದ, ಶುರು ಮಾಡುತ್ತವೆ. ನನಗೆ ಆ ದಾರಿ ಅಷ್ಟು ಇಷ್ಟವಿಲ್ಲ. ನಾವು ಜೇಬಿನಿಂದ ಶುರು ಮಾಡೋಣ.

ಬಜೆಟ್ ರೇಖೆ

ಒಬ್ಬರ ಹತ್ತಿರ 120 ನಾಣ್ಯಗಳಿವೆ. ಕೊಳ್ಳಲು ಎರಡೇ ವಸ್ತು: ಸಿನಿಮಾ ಟಿಕೆಟ್, ಪುಸ್ತಕ. ಎರಡರ ಬೆಲೆಯೂ ತಲಾ 10 ನಾಣ್ಯ. ಲೋಕದಲ್ಲಿ ಎರಡೇ ವಸ್ತು ಇರಲ್ಲ, ನಿಜ. ಪುಸ್ತಕ ಅಂದಲ್ಲೆಲ್ಲ "ಟಿಕೆಟ್ ಬಿಟ್ಟು ಉಳಿದೆಲ್ಲ" ಎಂದು ಓದಿಕೊಂಡರೂ ಲೆಕ್ಕ ಕೆಡುವುದಿಲ್ಲ.

ಪೂರ್ತಿ ದುಡ್ಡನ್ನು ಟಿಕೆಟಿಗೇ ಸುರಿದರೆ 12 ಟಿಕೆಟ್ ಸಿಗುತ್ತವೆ. ಪುಸ್ತಕಕ್ಕೇ ಸುರಿದರೆ 12 ಪುಸ್ತಕ. ಹಾಳೆಯ ಮೇಲೆ ಅಡ್ಡಕ್ಕೆ ಟಿಕೆಟ್, ಉದ್ದಕ್ಕೆ ಪುಸ್ತಕ ಗುರುತು ಮಾಡಿ, ಈ ಎರಡು ತುದಿಗಳನ್ನು ಗೆರೆ ಎಳೆದು ಸೇರಿಸಿ. ಅದೇ ಬಜೆಟ್ ರೇಖೆ. ಗೆರೆಯ ಮೇಲೆ ಮತ್ತು ಒಳಗೆ ಇರುವುದೆಲ್ಲ ಕೈಗೆಟುಕುತ್ತದೆ. ಹೊರಗಿರುವುದು ಎಟುಕುವುದಿಲ್ಲ.

ಈ ಗೆರೆಯ ಇಳಿಜಾರನ್ನು ಸ್ವಲ್ಪ ಹೊತ್ತು ನೋಡಬೇಕು. ಟಿಕೆಟಿನ ಬೆಲೆಯನ್ನು ಪುಸ್ತಕದ ಬೆಲೆಯಿಂದ ಭಾಗಿಸಿದರೆ ಬರುವುದೇ ಇಳಿಜಾರು. ಇಲ್ಲಿ ಅದು 1. ಅಂದರೆ ಒಂದು ಟಿಕೆಟ್ ಕೊಂಡಾಗ ಬಿಟ್ಟುಕೊಟ್ಟದ್ದು ಒಂದು ಪುಸ್ತಕ. ಟಿಕೆಟ್ 20 ನಾಣ್ಯವಾದರೆ ಅದೇ ಟಿಕೆಟಿಗೆ ಎರಡು ಪುಸ್ತಕ ಬಿಡಬೇಕು. ಬೆಲೆಯ ಚೀಟಿಯ ಮೇಲೆ ನಾಣ್ಯದ ಲೆಕ್ಕ ಬರೆದಿರುತ್ತದೆ. ಕೊಳ್ಳುವವರು ನಿಜವಾಗಿ ತೆರುವ ಬೆಲೆ ಕೈಬಿಟ್ಟ ಇನ್ನೊಂದು ವಸ್ತು.

ಆದಾಯ 120ರಿಂದ 180ಕ್ಕೆ ಏರಿದರೆ ಗೆರೆ ಇಳಿಜಾರು ಬದಲಿಸದೆ ಹೊರಕ್ಕೆ ಸರಿಯುತ್ತದೆ. ಟಿಕೆಟಿನ ಬೆಲೆ ಮಾತ್ರ 20 ಆದರೆ ಕಥೆ ಬೇರೆ. ಪುಸ್ತಕದ ತುದಿ 12ರಲ್ಲೇ ನಿಲ್ಲುತ್ತದೆ, ಟಿಕೆಟಿನ ತುದಿ 12ರಿಂದ 6ಕ್ಕೆ ಜಾರುತ್ತದೆ. ಗೆರೆ ಬಾಗಿಲಿನ ಹಾಗೆ ಒಂದು ತುದಿ ಹಿಡಿದು ತಿರುಗಿತು. ಇನ್ನು ಆದಾಯವೂ ಎಲ್ಲ ಬೆಲೆಗಳೂ ಒಟ್ಟಿಗೆ ಎರಡು ಪಟ್ಟಾದರೆ? ಏನೂ ಆಗುವುದಿಲ್ಲ. ಸಂಬಳ ಜಾಸ್ತಿಯಾಯ್ತು ಅಂತ ಖುಷಿಪಡಬಹುದು. ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ.

ಯೋಚನೆಯೇ ಮಾಡದೆ ಕೊಳ್ಳುವವರು

ಈಗ ಒಂದು ವಿಚಿತ್ರ ಗುಂಪನ್ನು ಊಹಿಸಿಕೊಳ್ಳಿ. ಸಾವಿರಾರು ಜನ. ಯಾರಿಗೂ ಇಷ್ಟ-ಕಷ್ಟ ಇಲ್ಲ, ಲೆಕ್ಕಾಚಾರ ಇಲ್ಲ. ಪ್ರತಿಯೊಬ್ಬರೂ ಕಣ್ಣು ಮುಚ್ಚಿ ಬಜೆಟ್ ರೇಖೆಯ ಮೇಲೆ ಎಲ್ಲೋ ಒಂದು ಕಡೆ ಬೆರಳಿಡುತ್ತಾರೆ. ಬೆರಳು ಬಿದ್ದಷ್ಟು ಟಿಕೆಟ್, ಪುಸ್ತಕ ತೆಗೆದುಕೊಂಡು ಹೋಗುತ್ತಾರೆ.

ಎರಡೂ ವಸ್ತು 10 ನಾಣ್ಯವಾಗಿದ್ದಾಗ ಸರಾಸರಿ ಎಲ್ಲಿ ಬೀಳುತ್ತದೆ? ಗೆರೆಯ ನಟ್ಟನಡುವೆ: 6 ಟಿಕೆಟ್, 6 ಪುಸ್ತಕ. ಟಿಕೆಟಿನ ಬೆಲೆ 20ಕ್ಕೆ ಏರಿತು ಅನ್ನಿ. ಹೊಸ ಗೆರೆಯ ನಡುವೆ 3 ಟಿಕೆಟ್, 6 ಪುಸ್ತಕ. ಸರಾಸರಿ ಟಿಕೆಟ್ ಖರೀದಿ ಅರ್ಧಕ್ಕೆ ಇಳಿಯಿತು. ಯಾರೂ ಯೋಚಿಸಲಿಲ್ಲ, ಯಾರಿಗೂ ದುಬಾರಿ ಅನಿಸಲಿಲ್ಲ. ಬೆಲೆಯನ್ನು ನೋಡಿದವರೇ ಇಲ್ಲ! ಆದರೂ ಬೇಡಿಕೆಯ ನಿಯಮ ಚಾಚೂ ತಪ್ಪದೆ ನಡೆಯಿತು.

ಈ ವಾದವನ್ನು 1962ರಲ್ಲಿ ಮುಂದಿಟ್ಟವರು ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್. ಮುಂದೆ 1992ರಲ್ಲಿ ಅವರಿಗೆ ನೊಬೆಲ್ ಬಂತು. "ಮನುಷ್ಯರು ಅಷ್ಟೆಲ್ಲ ತರ್ಕಬದ್ಧವಾಗಿ ಕೊಳ್ಳುವುದಿಲ್ಲ, ಹಾಗಾಗಿ ಬೇಡಿಕೆ ಸಿದ್ಧಾಂತ ಸುಳ್ಳು" ಎನ್ನುವ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಬೆಕರ್ ಕೊಟ್ಟ ಉತ್ತರ ಸರಳ. ತರ್ಕ ಇಲ್ಲದಿದ್ದರೂ ಪರವಾಗಿಲ್ಲ, ದುಡ್ಡಿಗೆ ಮಿತಿ ಇದ್ದರೆ ಸಾಕು. ಒಬ್ಬೊಬ್ಬರ ಮಟ್ಟದಲ್ಲಿ ಅಡ್ಡಾದಿಡ್ಡಿ ಆಗಬಹುದು. ಮೊದಲು 2 ಟಿಕೆಟ್ ಕೊಂಡವರು ಬೆಲೆ ಏರಿದ ಮೇಲೆ 5 ಕೊಂಡಿರಬಹುದು. ಗುಂಪಿನ ಸರಾಸರಿ ಮಾತ್ರ ಗೆರೆಯ ಜೊತೆ ಇಳಿಯುತ್ತದೆ. ಮಾರುಕಟ್ಟೆಯ ಬೇಡಿಕೆ ಎಂದರೆ ಗುಂಪಿನ ಮೊತ್ತ ತಾನೇ?

ಒಂದು ಬೆಲೆ, ಎರಡು ಪೆಟ್ಟು

ಟಿಕೆಟಿನ ಬೆಲೆ ಏರಿದಾಗ ಎರಡು ಸಂಗತಿ ಒಟ್ಟಿಗೆ ಆಗುತ್ತವೆ. ಒಂದು, ಪುಸ್ತಕದ ಎದುರು ಟಿಕೆಟ್ ದುಬಾರಿಯಾಗುತ್ತದೆ. ಎರಡು, ಅದೇ 120 ನಾಣ್ಯದಲ್ಲಿ ಮೊದಲಿನಷ್ಟು ಕೊಳ್ಳಲಾಗುವುದಿಲ್ಲ, ಅಂದರೆ ಸದ್ದಿಲ್ಲದೆ ಬಡತನ ಬಂದಿದೆ. ಮೊದಲನೆಯದು ಬದಲಿ ಪರಿಣಾಮ, ಎರಡನೆಯದು ಆದಾಯ ಪರಿಣಾಮ. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಡವುವುದು ಇಲ್ಲೇ. ಆದರೆ ಬೆಕರ್ ಅವರ ಗುಂಪಿನ ಮೇಲೆ ಲೆಕ್ಕ ಹಾಕಿದರೆ ಎರಡೂ ಕಣ್ಣಿಗೆ ಕಟ್ಟುತ್ತವೆ.

ಬಡತನದ ಪೆಟ್ಟನ್ನು ತೆಗೆದುಹಾಕಿ ನೋಡೋಣ. ಹೊಸ ಬೆಲೆಯಲ್ಲೂ ಹಳೆಯ 6 ಟಿಕೆಟ್, 6 ಪುಸ್ತಕ ಕೊಳ್ಳಲು ಎಷ್ಟು ಬೇಕು? 6ಕ್ಕೆ 20ರಂತೆ 120, 6ಕ್ಕೆ 10ರಂತೆ 60, ಒಟ್ಟು 180 ನಾಣ್ಯ. ಅಷ್ಟನ್ನು ಕೈಗೆ ಕೊಟ್ಟುಬಿಡೋಣ. ಈಗ ಹಳೆಯ ಖರೀದಿ ಹಾಗೇ ಎಟುಕುತ್ತದೆ, ಆದರೆ ಗೆರೆಯ ಇಳಿಜಾರು ಹೊಸದು. ಟಿಕೆಟಿನ ತುದಿ 9, ಪುಸ್ತಕದ ತುದಿ 18. ನಡುವೆ 4.5 ಟಿಕೆಟ್, 9 ಪುಸ್ತಕ. ದುಡ್ಡು ತುಂಬಿಕೊಟ್ಟರೂ ಟಿಕೆಟ್ 6ರಿಂದ 4.5ಕ್ಕೆ ಇಳಿಯಿತು. ಇದು ಬದಲಿ ಪರಿಣಾಮ. ಈಗ ಕೊಟ್ಟ ಹೆಚ್ಚುವರಿ 60 ನಾಣ್ಯವನ್ನು ವಾಪಸ್ ಕಿತ್ತುಕೊಳ್ಳಿ. 4.5 ಹೋಗಿ 3 ಆಗುತ್ತದೆ. ಇದು ಆದಾಯ ಪರಿಣಾಮ. ಮೂರು ಟಿಕೆಟಿನ ಇಳಿಕೆಯಲ್ಲಿ ಒಂದೂವರೆ ಇದರದ್ದು, ಒಂದೂವರೆ ಅದರದ್ದು.

ಹೀಗೆ ಬೇರ್ಪಡಿಸಿ ನೋಡುವ ಗಣಿತವನ್ನು ಯೆವ್ಗೆನಿ ಸ್ಲುಟ್ಸ್ಕಿ 1915ರಲ್ಲಿ ಇಟಲಿಯ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದರು. ಯುದ್ಧದ ಕಾಲ, ಓದಿದವರೇ ಅಪರೂಪ. 1934ರಲ್ಲಿ ಜಾನ್ ಹಿಕ್ಸ್ ಮತ್ತು ರಾಯ್ ಅಲೆನ್ ಸ್ವತಂತ್ರವಾಗಿ ಅದೇ ಜಾಗಕ್ಕೆ ಬಂದು ತಲುಪಿದ ಮೇಲೆ ಸ್ಲುಟ್ಸ್ಕಿಯ ಹೆಸರು ಪಠ್ಯಪುಸ್ತಕಕ್ಕೆ ಸೇರಿತು.

ಮನಸ್ಸಿನ ಸರದಿ

ಹಾಗಾದರೆ ಇಷ್ಟ-ಕಷ್ಟಕ್ಕೆ ಜಾಗವೇ ಇಲ್ಲವೇ? ಇದೆ. ಒಬ್ಬ ವ್ಯಕ್ತಿ ಗೆರೆಯ ಮೇಲೆ ಎಲ್ಲಿ ನಿಲ್ಲುತ್ತಾರೆ ಎಂದು ಹೇಳಲು ಅದು ಬೇಕೇ ಬೇಕು. ಸಿದ್ಧಾಂತ ಅಲ್ಲಿ ಕೇಳಿಕೊಳ್ಳುವುದು ಮಾತ್ರ ಬಹಳ ಕಡಿಮೆ. ಯಾವ ಎರಡು ಆಯ್ಕೆ ಮುಂದಿಟ್ಟರೂ ಇದು ಮೇಲು, ಅದು ಮೇಲು, ಇಲ್ಲವೇ ಎರಡೂ ಸಮ ಎಂದು ಹೇಳಬಲ್ಲವರಾಗಿರಬೇಕು. ಆ ಉತ್ತರಗಳಲ್ಲಿ ಸುತ್ತು ಇರಬಾರದು. ಸುತ್ತು ಇದ್ದರೆ ಏನಾಗುತ್ತದೆ ನೋಡಿ. ಒಬ್ಬರಿಗೆ ಗಡಿಯಾರಕ್ಕಿಂತ ಪೆನ್ನು ಇಷ್ಟ, ಛತ್ರಿಗಿಂತ ಗಡಿಯಾರ ಇಷ್ಟ, ಪೆನ್ನಿಗಿಂತ ಛತ್ರಿ ಇಷ್ಟ. ಕೈಯಲ್ಲಿ ಪೆನ್ನಿದೆ. ಒಂದು ನಾಣ್ಯ ಕೊಟ್ಟು ಛತ್ರಿಗೆ ಬದಲಿಸಿಕೊಂಡರು. ಇನ್ನೊಂದು ಕೊಟ್ಟು ಗಡಿಯಾರ. ಮತ್ತೊಂದು ಕೊಟ್ಟು ಪೆನ್ನು. ಮೂರು ನಾಣ್ಯ ಹೋಯಿತು, ಕೈಯಲ್ಲಿ ಅದೇ ಪೆನ್ನು!

ಒಬ್ಬರಿಗೆ ಸಮಸಮ ಅನಿಸುವ ಜೋಡಿಗಳನ್ನೆಲ್ಲ ಸೇರಿಸಿ ಗೆರೆ ಎಳೆದರೆ ತಟಸ್ಥ ರೇಖೆ ಸಿಗುತ್ತದೆ. ಈ ಕಲ್ಪನೆ ಫ್ರಾನ್ಸಿಸ್ ಎಡ್ಜ್‌ವರ್ತ್ ಅವರದ್ದು, 1881ರದ್ದು. ರೇಖೆ ಸಾಮಾನ್ಯವಾಗಿ ಮೂಲಬಿಂದುವಿನ ಕಡೆಗೆ ಉಬ್ಬಿರುತ್ತದೆ. 10 ಪುಸ್ತಕ, 2 ಟಿಕೆಟ್ ಇರುವವರು ಇನ್ನೊಂದು ಟಿಕೆಟಿಗಾಗಿ ಮೂರು ಪುಸ್ತಕ ಬಿಟ್ಟಾರು. 2 ಪುಸ್ತಕ, 10 ಟಿಕೆಟ್ ಇರುವವರು ಒಂದನ್ನೂ ಬಿಡಲಿಕ್ಕಿಲ್ಲ. ಯಾವುದು ಜಾಸ್ತಿ ಇದೆಯೋ ಅದರ ಬೆಲೆ ನಮ್ಮ ಕಣ್ಣಲ್ಲಿ ಕಡಿಮೆ.

ಇದೇ ಮಾತನ್ನು ಹಳೆಯ ಪಾಠ ಸೀಮಾಂತ ತುಷ್ಟಿಗುಣ ಎಂಬ ಹೆಸರಿನಲ್ಲಿ ಹೇಳುತ್ತದೆ. ಇನ್ನೊಂದು ಹೆಚ್ಚುವರಿ ಘಟಕದಿಂದ ಸಿಗುವ ತೃಪ್ತಿ ಅದು, ಕೊಳ್ಳುತ್ತಾ ಹೋದಂತೆ ಇಳಿಯುತ್ತದೆ. ಆ್ಯಡಂ ಸ್ಮಿತ್ 1776ರಲ್ಲೇ ಒಂದು ಒಗಟು ಇಟ್ಟಿದ್ದರು. ನೀರಿಲ್ಲದೆ ಬದುಕಿಲ್ಲ, ಆದರೂ ಅದಕ್ಕೆ ಬೆಲೆಯಿಲ್ಲ. ವಜ್ರದಿಂದ ಹೆಚ್ಚೇನೂ ಉಪಯೋಗವಿಲ್ಲ, ಆದರೂ ಅದು ದುಬಾರಿ. ಬೆಲೆ ತೀರ್ಮಾನವಾಗುವುದು ಒಟ್ಟು ನೀರಿನಿಂದ ಸಿಗುವ ಲಾಭದ ಮೇಲೆ ಅಲ್ಲ, ಇನ್ನೊಂದು ಲೋಟ ನೀರಿನ ಮೇಲೆ ಎಂದು ಗೊತ್ತಾದಾಗ ಒಗಟು ಬಿಡಿಸಿಕೊಂಡಿತು. 1871ರಲ್ಲಿ ಜೆವನ್ಸ್ ಮತ್ತು ಮೆಂಗರ್, 1874ರಲ್ಲಿ ವಾಲ್ರಾಸ್ ಬೇರೆ ಬೇರೆ ದೇಶಗಳಲ್ಲಿ ಕೂತು ಇದನ್ನು ಬರೆದರು. ಇವರಿಗಿಂತ ಮೊದಲೇ, 1854ರಲ್ಲಿ, ಜರ್ಮನಿಯ ಹರ್ಮನ್ ಗೋಸೆನ್ ಇದೇ ವಿಚಾರವನ್ನು ಪುಸ್ತಕ ಮಾಡಿದ್ದರು. ಅದು ಮಾರಾಟವಾಗದೆ ಬೇಸತ್ತು ಉಳಿದ ಪ್ರತಿಗಳನ್ನು ತಾವೇ ಹಿಂದಕ್ಕೆ ತರಿಸಿಕೊಂಡರು. ಬೇಡಿಕೆಯ ಬಗ್ಗೆ ಬರೆದ ಪುಸ್ತಕಕ್ಕೇ ಬೇಡಿಕೆ ಇರಲಿಲ್ಲ.

ಗೋಸೆನ್ ಹೇಳಿದ ನಿಯಮ ಇಷ್ಟೇ: ಪ್ರತಿ ವಸ್ತುವಿನ ಮೇಲೆ ಹಾಕಿದ ಕೊನೆಯ ನಾಣ್ಯ ಒಂದೇ ಸಮನಾದ ತೃಪ್ತಿ ಕೊಡಬೇಕು. ಟಿಕೆಟ್ 20, ಪುಸ್ತಕ 10 ಇದ್ದಾಗ ಒಬ್ಬರಿಗೆ ಕೊನೆಯ ಟಿಕೆಟಿನಿಂದ 40 ಅಂಕದ ತೃಪ್ತಿ, ಮುಂದಿನ ಪುಸ್ತಕದಿಂದ 30, ಅದರ ಮುಂದಿನದರಿಂದ 24 ಎನ್ನಿ. ಟಿಕೆಟಿನಲ್ಲಿ ನಾಣ್ಯಕ್ಕೆ 2 ಅಂಕ, ಪುಸ್ತಕದಲ್ಲಿ 3. ಒಂದು ಟಿಕೆಟ್ ಬಿಟ್ಟು ಎರಡು ಪುಸ್ತಕ ಕೊಂಡರೆ 40 ಹೋಗಿ 54 ಬರುತ್ತದೆ. ಬದಲಿಸುವುದೇ ಲಾಭ. ಹೀಗೆ ಬದಲಿಸುತ್ತಾ ಹೋದರೆ ಟಿಕೆಟಿನ ಅಂಕ ಏರುತ್ತದೆ, ಪುಸ್ತಕದ್ದು ಇಳಿಯುತ್ತದೆ, ಎರಡೂ ಸಮವಾದಲ್ಲಿ ನಿಲ್ಲುತ್ತದೆ. ಚಿತ್ರದಲ್ಲಿ ಇದೇ ಬಜೆಟ್ ರೇಖೆ ತಟಸ್ಥ ರೇಖೆಯನ್ನು ಮುಟ್ಟುವ ಬಿಂದು. ಸಿನಿಮಾ ಅಂದರೆ ಆಗದವರು ಮುಟ್ಟುವ ಗೊಡವೆಗೇ ಹೋಗದೆ ಗೆರೆಯ ಪುಸ್ತಕದ ತುದಿಯಲ್ಲೇ ಕೂತಿರುತ್ತಾರೆ, ಅದೂ ಸರಿಯೇ.

ಈ 40, 30, 24ರ ಅಂಕಗಳನ್ನು ಯಾರು ಅಳೆದರು? ಯಾರೂ ಅಳೆದಿಲ್ಲ, ಅಳೆಯುವ ಅಗತ್ಯವೂ ಇಲ್ಲ ಎಂದು 1906ರಲ್ಲಿ ವಿಲ್ಫ್ರೆಡೋ ಪರೇಟೋ ತೋರಿಸಿದರು. ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ಗೊತ್ತಿದ್ದರೆ ಸಾಕು. ಎಲ್ಲ ಅಂಕಗಳನ್ನೂ ಎರಡರಿಂದ ಗುಣಿಸಿದರೂ ಅದೇ ಜೋಡಿಯೇ ಆಯ್ಕೆಯಾಗುತ್ತದೆ.

ಬೆಲೆ ಏರಿದಾಗ ಹೆಚ್ಚು ಕೊಂಡರೆ?

ಬದಲಿ ಪರಿಣಾಮ ಯಾವತ್ತೂ ದುಬಾರಿಯಾದ ವಸ್ತುವಿನಿಂದ ದೂರ ತಳ್ಳುತ್ತದೆ. ಆದಾಯ ಪರಿಣಾಮದ ಮೇಲೆ ಅಂಥ ಭರವಸೆ ಇಲ್ಲ. ದುಡ್ಡು ಹೆಚ್ಚಿದಾಗ ಹೆಚ್ಚು ಕೊಳ್ಳುವ ವಸ್ತು ಸಾಮಾನ್ಯ ಸರಕು. ದುಡ್ಡು ಹೆಚ್ಚಿದಾಗ ಕೈಬಿಡುವ ವಸ್ತು ಕೆಳದರ್ಜೆಯ ಸರಕು. ಇದು ಗುಣಮಟ್ಟದ ಮೇಲಿನ ತೀರ್ಪು ಅಲ್ಲ, ಆದಾಯದ ಜೊತೆಗಿನ ಸಂಬಂಧ ಅಷ್ಟೇ.

ಒಬ್ಬರು ತಿಂಗಳಿಗೆ 10 ಪ್ರಯಾಣ ಮಾಡಲೇಬೇಕು. ಕೈಯಲ್ಲಿ 120 ನಾಣ್ಯ. ಬಸ್ಸಿಗೆ 10, ರೈಲಿಗೆ 20. ರೈಲೇ ಇಷ್ಟ, ಆದರೆ ಎಲ್ಲ ಪ್ರಯಾಣಕ್ಕೂ ರೈಲು ಹಿಡಿಯಲು 200 ಬೇಕು. ಲೆಕ್ಕ ಹಾಕಿದರೆ 8 ಸಲ ಬಸ್, 2 ಸಲ ರೈಲು: 80 ಮತ್ತು 40. ಈಗ ಬಸ್ಸಿನ ದರ 12 ಆಯಿತು. ಹಳೆಯ ಯೋಜನೆಗೆ 136 ಬೇಕು, ಇಲ್ಲ. ಏನು ಮಾಡಬೇಕು? ರೈಲನ್ನು ಬಿಟ್ಟು ಹತ್ತೂ ಪ್ರಯಾಣವನ್ನು ಬಸ್ಸಿನಲ್ಲೇ ಮಾಡಬೇಕು. 12 ಹತ್ತಲಿ 120. ಬಸ್ಸಿನ ದರ ಏರಿತು, ಬಸ್ ಪ್ರಯಾಣ 8ರಿಂದ 10ಕ್ಕೆ ಏರಿತು!

ಇಂಥದ್ದಕ್ಕೆ ಗಿಫೆನ್ ಸರಕು ಎನ್ನುತ್ತಾರೆ. ಆಲ್ಫ್ರೆಡ್ ಮಾರ್ಷಲ್ 1895ರಲ್ಲಿ ತಮ್ಮ ಗ್ರಂಥದ ಮೂರನೆಯ ಆವೃತ್ತಿಯಲ್ಲಿ, ಬ್ರೆಡ್ಡಿನ ಬೆಲೆ ಏರಿದಾಗ ಬಡ ಕಾರ್ಮಿಕ ಕುಟುಂಬಗಳು ಮಾಂಸ ಬಿಟ್ಟು ಇನ್ನಷ್ಟು ಬ್ರೆಡ್ ತಿನ್ನುವ ಸಂಗತಿಯನ್ನು ರಾಬರ್ಟ್ ಗಿಫೆನ್ ಹೆಸರಿನಲ್ಲಿ ಹೇಳಿದರು. ಬಹಳ ಕಾಲ ಇದು ಪುಸ್ತಕದ ಕುತೂಹಲವಾಗಿಯೇ ಉಳಿದಿತ್ತು. 1991ರಲ್ಲಿ ಪ್ರಯೋಗಾಲಯದ ಇಲಿಗಳಲ್ಲಿ ಇದನ್ನು ತೋರಿಸಿದರು. 2008ರಲ್ಲಿ ರಾಬರ್ಟ್ ಜೆನ್ಸನ್ ಮತ್ತು ನೋಲನ್ ಮಿಲ್ಲರ್ ಚೀನಾದ ಹುನಾನ್ ಪ್ರಾಂತ್ಯದ ಪ್ರಯೋಗವನ್ನು ಪ್ರಕಟಿಸಿದರು. ಬಡ ಕುಟುಂಬಗಳಿಗೆ ಅಕ್ಕಿಯ ಮೇಲೆ ರಿಯಾಯಿತಿ ಕೊಟ್ಟಾಗ ಅವರು ಅಕ್ಕಿ ತಿನ್ನುವುದನ್ನು ಕಡಿಮೆ ಮಾಡಿದ್ದರು.

ಕಣ್ಣು ಮುಚ್ಚಿ ಬೆರಳಿಡುವ ಬೆಕರ್ ಗುಂಪಿನಲ್ಲಿ ಮಾತ್ರ ಇದು ಯಾವತ್ತೂ ಆಗದು. ಗಿಫೆನ್ ಆಗಬೇಕಾದರೆ ರೈಲು ಇಷ್ಟ, ಬಸ್ ಅನಿವಾರ್ಯ ಎಂಬ ಲೆಕ್ಕ ಬೇಕು. ನಿಯಮ ಪಾಲನೆಗೆ ಬುದ್ಧಿ ಬೇಡ, ನಿಯಮ ಮುರಿಯೋದಕ್ಕೆ ಬೇಕು! ದುಬಾರಿ ಎನ್ನುವ ಕಾರಣಕ್ಕೇ ಕೊಳ್ಳುವ ಪ್ರದರ್ಶನದ ವಸ್ತುಗಳನ್ನು ಇದರ ಜೊತೆ ಸೇರಿಸಬಾರದು. ಅಲ್ಲಿ ಬೆಲೆಯೇ ಸರಕಿನ ಭಾಗ.

ಬೆಲೆ ಏರಿದ ವರ್ಷವೇ ಮಾರಾಟವೂ ಏರಿತು ಎಂಬ ಸುದ್ದಿಯೂ ಗಿಫೆನ್‌ಗೆ ಸಾಕ್ಷಿಯಲ್ಲ. ಆದಾಯ, ಅಭಿರುಚಿ, ಬದಲಿ ವಸ್ತುವಿನ ಬೆಲೆ ಇವುಗಳಲ್ಲಿ ಯಾವುದೋ ಬದಲಾಗಿ ಇಡೀ ಬೇಡಿಕೆ ರೇಖೆಯೇ ಬಲಕ್ಕೆ ಸರಿದಿರುತ್ತದೆ. ರೇಖೆಯ ಮೇಲೆ ಜಾರುವುದು ಬೇರೆ, ರೇಖೆಯೇ ಸರಿಯುವುದು ಬೇರೆ.

ಎಷ್ಟು ಇಳಿಯುತ್ತದೆ?

ಇಳಿಯುತ್ತದೆ ಎಂದಷ್ಟೇ ಗೊತ್ತಿದ್ದರೆ ಮಾರುವವರಿಗೂ ತೆರಿಗೆ ಹಾಕುವವರಿಗೂ ಸಾಲದು. ಬೆಲೆ ಶೇಕಡಾ ಒಂದರಷ್ಟು ಬದಲಾದರೆ ಪ್ರಮಾಣ ಶೇಕಡಾ ಎಷ್ಟು ಬದಲಾಗುತ್ತದೆ ಎನ್ನುವುದೇ ಸ್ಥಿತಿಸ್ಥಾಪಕತ್ವ. ಹೆಸರು ಭಾರ, ವಿಷಯ ಹಗುರ. ಬೆಕರ್ ಗುಂಪನ್ನೇ ನೋಡಿ: ಮೊದಲು 6 ಟಿಕೆಟಿಗೆ 10ರಂತೆ 60 ನಾಣ್ಯ, ಆಮೇಲೆ 3 ಟಿಕೆಟಿಗೆ 20ರಂತೆ ಅದೇ 60. ಖರ್ಚು ಕದಲದಿದ್ದರೆ ಸ್ಥಿತಿಸ್ಥಾಪಕತ್ವ ಸರಿಯಾಗಿ 1.

ಇಳಿಜಾರನ್ನೇ ಸ್ಥಿತಿಸ್ಥಾಪಕತ್ವ ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಪ್ರಮಾಣ ಯಾವಾಗಲೂ 12ರಿಂದ ಬೆಲೆಯನ್ನು ಕಳೆದಷ್ಟು ಇರುವ ಒಂದು ನೇರ ಬೇಡಿಕೆ ರೇಖೆ ತೆಗೆದುಕೊಳ್ಳಿ. ಬೆಲೆ 2 ಇದ್ದಾಗ 10 ಮಾರಾಟ, ಮಾರುವವರ ಆದಾಯ 20. ಬೆಲೆ 3ಕ್ಕೆ ಏರಿಸಿದರೆ 9 ಮಾರಾಟ, ಆದಾಯ 27. ಲಾಭವಾಯಿತು. ಬೆಲೆ 9 ಇದ್ದಾಗ 3 ಮಾರಾಟ, ಆದಾಯ 27. 10ಕ್ಕೆ ಏರಿಸಿದರೆ 2 ಮಾರಾಟ, ಆದಾಯ 20. ನಷ್ಟವಾಯಿತು. ಎರಡು ಕಡೆಯೂ ಒಂದು ನಾಣ್ಯ ಏರಿಕೆ, ಒಂದು ಘಟಕ ಇಳಿಕೆ. ಆದರೆ 10ರಲ್ಲಿ ಒಂದು ಹೋಗುವುದಕ್ಕೂ 3ರಲ್ಲಿ ಒಂದು ಹೋಗುವುದಕ್ಕೂ ಅಜಗಜಾಂತರ. ನಡುವೆ, ಬೆಲೆ 6ರಲ್ಲಿ, ಆದಾಯ 36ಕ್ಕೆ ಮುಟ್ಟಿ ಅಲ್ಲಿಂದ ಇಳಿಯುತ್ತದೆ.

ಬದಲಿ ವಸ್ತು ಹತ್ತಿರ ಇದ್ದಷ್ಟೂ ಜನ ಬೇಗ ಜಾರಿಕೊಳ್ಳುತ್ತಾರೆ. ಕಾಲಾವಕಾಶ ಸಿಕ್ಕಷ್ಟೂ ಹೆಚ್ಚು ಜಾರಿಕೊಳ್ಳುತ್ತಾರೆ. ಇಂಧನ ದುಬಾರಿಯಾದ ವಾರ ಅದೇ ಗಾಡಿ ಓಡಿಸಬೇಕು, ಕೆಲವು ವರ್ಷ ಕಳೆದರೆ ಗಾಡಿಯನ್ನೇ ಬದಲಿಸಬಹುದು.

ರಸೀದಿಗಳ ಸಾಕ್ಷಿ

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಒಬ್ಬರು ಏನು ಕೊಂಡರೂ "ಅದೇ ಅವರಿಗೆ ಇಷ್ಟ" ಎನ್ನುವುದಾದರೆ ಈ ಸಿದ್ಧಾಂತವನ್ನು ಸುಳ್ಳು ಮಾಡುವುದು ಹೇಗೆ? 1938ರಲ್ಲಿ ಪಾಲ್ ಸ್ಯಾಮ್ಯುಯೆಲ್ಸನ್ ಇದಕ್ಕೆ ದಾರಿ ತೋರಿಸಿದರು. ಮನಸ್ಸನ್ನು ಕೇಳಬೇಡಿ, ರಸೀದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಮೊದಲ ತಿಂಗಳು ಟಿಕೆಟ್ 10, ಪುಸ್ತಕ 10, ದುಡ್ಡು 120. ಕೊಂಡದ್ದು 8 ಟಿಕೆಟ್, 4 ಪುಸ್ತಕ. ಅದೇ ದುಡ್ಡಿಗೆ 4 ಟಿಕೆಟ್, 8 ಪುಸ್ತಕವೂ ಬರುತ್ತಿತ್ತು. ಬೇಡ ಎಂದು ಬಿಟ್ಟರು. ಎರಡನೆಯ ತಿಂಗಳು ಪುಸ್ತಕ 20 ಆಯಿತು, ಟಿಕೆಟ್ 10ರಲ್ಲೇ ಇದೆ, ಕೈಯಲ್ಲಿ 200 ನಾಣ್ಯ. ಈ ಸಲ 4 ಟಿಕೆಟ್, 8 ಪುಸ್ತಕ ಕೊಂಡರು: 40 ಮತ್ತು 160, ಸರಿಯಾಗಿ 200. ಆದರೆ ಹಿಂದಿನ ತಿಂಗಳ ಜೋಡಿ ಈಗ 160ಕ್ಕೇ ಸಿಗುತ್ತಿತ್ತು. ಮೊದಲು ಎರಡೂ ಎಟುಕುತ್ತಿದ್ದಾಗ ಇದನ್ನು ಬಿಟ್ಟು ಅದನ್ನು ಆರಿಸಿದ್ದರು, ಈಗ ಎರಡೂ ಎಟುಕುತ್ತಿದ್ದಾಗ ಅದನ್ನು ಬಿಟ್ಟು ಇದನ್ನು. ಎರಡು ರಸೀದಿಗಳೂ ಒಂದೇ ಅಭಿರುಚಿಯಿಂದ ಬಂದಿರಲು ಸಾಧ್ಯವಿಲ್ಲ. ನಡುವೆ ಅಭಿರುಚಿ ಬದಲಾಗಿದ್ದರೆ ಸಿದ್ಧಾಂತ ಬಚಾವ್, ಬದಲಾಗಿಲ್ಲದಿದ್ದರೆ ಇವರ ಮಟ್ಟಿಗೆ ಅದು ಬಿದ್ದುಹೋಯಿತು. ಯಾವುದು ನಿಜ ಅಂತ ಈ ಎರಡು ರಸೀದಿಗಳಿಂದ ಹೇಳಲಾಗದು.